ಮಂಡಿ ಕಟ್ಟುವ ಟಿಕೆಟ್ಟು

ಎತ್ತರಕ್ಕೆ ಹೋಗಿ ಕೆಳಗೆ ನೋಡುವುದಕ್ಕೂ ದುಡ್ಡು ಕೊಡುವ ಕಾಲವಿದು. ದುಬೈನ ಬುರ್ಜ್ ಖಲೀಫಾದಲ್ಲಿ ಟಿಕೆಟ್ಟಿಲ್ಲದೆ ಲಿಫ್ಟು ಅಲುಗುವುದಿಲ್ಲ. ಟೋಕಿಯೊದ ಸರ್ಕಾರಿ ಕಚೇರಿಯ 45ನೇ ಮಹಡಿಯಿಂದ, 202 ಮೀಟರ್ ಎತ್ತರದಿಂದ, ಊರು ನೋಡುವುದು ಪುಕ್ಕಟೆ ಎಂದು ಪ್ರವಾಸಿಗರು ಹಿಗ್ಗುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನಸ್ವಾಮಿಯ ಬೆಟ್ಟ ಯಾರನ್ನೂ ಕಾಸು ಕೇಳದೆ ನಿಂತಿದೆ. ಅದಕ್ಕೆ ಹಿಗ್ಗುವವರು ಕಡಿಮೆ. ಸಮುದ್ರಮಟ್ಟದಿಂದ ಅಳೆದರೆ ಇದು ಚಾಮುಂಡಿಬೆಟ್ಟಕ್ಕಿಂತ ಸುಮಾರು 900 ಅಡಿ ಹೆಚ್ಚು. ಆದರೂ ಹುಣಸೂರು, ಕೆ.ಆರ್. ನಗರದವರು ನೋಟ ನೋಡಬೇಕೆಂದರೆ ಮೈಸೂರಿನ ಬಸ್ಸನ್ನೇ ಹತ್ತುತ್ತಾರೆ. ಕಾರಣ ಸರಳ: ಚಾಮುಂಡಿಗೆ ಬಸ್ಸು ತುದಿಯವರೆಗೆ ಹೋಗುತ್ತದೆ, ಇಲ್ಲಿ 3,000ಕ್ಕೂ ಮೀರಿದ ಮೆಟ್ಟಿಲುಗಳು. ಅಂದಮೇಲೆ ಜಗತ್ತಿನ ಎಲ್ಲ ಗೋಪುರಗಳೂ ಮಾರುತ್ತಿರುವುದು ನೋಟವನ್ನಲ್ಲ, ಲಿಫ್ಟನ್ನು. ನೋಟ ಎಲ್ಲೆಡೆಯೂ ಪುಕ್ಕಟೆಯೇ. ಬೆಟ್ಟದಪುರದಲ್ಲಿ ಆ ಲಿಫ್ಟಿನ ಬಾಬ್ತನ್ನು ಮಂಡಿ ಕಟ್ಟುತ್ತದೆ, ಅಷ್ಟೆ.

ಅಲ್ಲಿ ನೋಡಲು ಏನಿದೆ, ಒಂದು ಗಗನಚುಂಬಿ ಕಟ್ಟಡವೂ ಇಲ್ಲವಲ್ಲ ಎನ್ನುವವರಿದ್ದಾರೆ. ಪಡುವಣಕ್ಕೆ ಕೊಡಗಿನ ಬೆಟ್ಟಸಾಲು, ಸುತ್ತ ಕೆರೆ, ತೆಂಗು, ಹೊಗೆಸೊಪ್ಪಿನ ಹೊಲ, ನಡುನಡುವೆ ಬ್ಯಾರನ್ನುಗಳು. ಸೊಪ್ಪು ಬೇಯಿಸುವ ಮಳೆಗಾಲದ ತಿಂಗಳುಗಳಲ್ಲಿ ಅವುಗಳ ಹೊಗೆ ಹಸಿರಿನ ಮೇಲೆ ತೆಳ್ಳಗೆ ಎದ್ದು, ಗಾಳಿ ಬಂದತ್ತ ವಾಲುತ್ತದೆ. ಆದರೆ ಇದನ್ನೆಲ್ಲ ವರ್ಣಿಸುವುದು ದಂಡ, ಏಕೆಂದರೆ ಮೇಲೆ ಬಂದವರು ಇದ್ಯಾವುದನ್ನೂ ನೋಡುವುದಿಲ್ಲ. ಉಬ್ಬಸ ನಿಲ್ಲುವ ಮೊದಲೇ ಬೆರಳು ಚಾಚಿ, 'ಅಗೋ ನಮ್ಮೂರು' ಎನ್ನುತ್ತಾರೆ. 'ಅಲ್ಲ ಕಣಣ್ಣ, ಅದು ರಾವಂದೂರು' ಎಂದು ಪಕ್ಕದವನು ತಿದ್ದುತ್ತಾನೆ. ವಾದ ಬೆಳೆದು, ನೀರಿನ ಟ್ಯಾಂಕು ಸಾಕ್ಷಿಗೆ ಬರುತ್ತದೆ. ಚಾಮುಂಡಿಯಲ್ಲೂ ಇದೇ ಕಥೆ: ಲಲಿತಮಹಲು ಬೆಳ್ಳಗೆ ಕಣ್ಣಿಗೆ ರಾಚುತ್ತಿದ್ದರೂ ನಮ್ಮವರು ಹುಡುಕುವುದು ವಾಪಸ್ ಹೋಗಬೇಕಾದ ಬಸ್ ಸ್ಟ್ಯಾಂಡನ್ನು. ಹೊರಟ ಜಾಗವನ್ನೇ ಹುಡುಕಲು ಮನುಷ್ಯ ಇಷ್ಟು ಎತ್ತರ ಏರುತ್ತಾನೆಂದರೆ, ಅವನ ಊರು ಕಾಣುವ ಬೆಟ್ಟವೇ ಅವನಿಗೆ ಬುರ್ಜ್ ಖಲೀಫಾಗಿಂತ ಮೇಲು.

ವಯಸ್ಸಾದವರ ಪಾಡೇನು ಎಂಬ ತಕರಾರು ನ್ಯಾಯವಾದದ್ದು. ಅವರಿಗೆ ನನ್ನ ವಾದ ಆಗಿಬರುವುದಿಲ್ಲ. ಎಚ್.ಡಿ. ಕೋಟೆಯವರಂತೂ, ಕಬಿನಿ ಹಿನ್ನೀರನ್ನು ನಿಂತಲ್ಲೇ ನೋಡುವವರು, ಹತ್ತುವ ಮಾತಿಗೇ ನಕ್ಕಾರು. ಇನ್ನು ಅಷ್ಟು ಹತ್ತಿದ ಮೇಲೆ ಮೋಡ ಕವಿದು ಏನೂ ಕಾಣದಿದ್ದರೆ? ಗೋಪುರದಲ್ಲಾದರೆ ಕೌಂಟರಿನವನ ಜೊತೆ ಜಗಳ ಕಾಯಬಹುದು. ಇಲ್ಲಿರುವವನು ಮಲ್ಲಿಕಾರ್ಜುನ, ಹೆಸರಿನಲ್ಲೇ ಸಿಡಿಲಿಟ್ಟುಕೊಂಡವನು. ಬಾಯಿ ಮುಚ್ಚಿಕೊಂಡು ಇಳಿಯುವುದು ವಾಸಿ.