ಉಗಿಗೆ ಬೇಲಿ ಹಾಕಿದ ಮಹನೀಯರಿಗೊಂದು ಬಹಿರಂಗ ಪತ್ರ

ಇವರಿಗೆ,
ಬ್ರಿಟನ್ನಿನ ಕಾಮನ್ಸ್ ಸಭೆಯ 1775ರ ಮಾನ್ಯ ಸದಸ್ಯರು,
ವೆಸ್ಟ್‌ಮಿನ್‌ಸ್ಟರ್, ಲಂಡನ್.

ವಿಷಯ: ಶ್ರೀಮಾನ್ ಜೇಮ್ಸ್ ವಾಟ್ ಅವರ ಪೇಟೆಂಟನ್ನು 1800ರವರೆಗೆ ಎಳೆದುಕೊಟ್ಟದ್ದಕ್ಕೆ ಅಭಿನಂದನೆ.

ಮಾನ್ಯರೇ,

ಆ ವರ್ಷ ತಮಗೆ ಬೇರೆ ಕೆಲಸ ಇರಲಿಲ್ಲವೆಂದಲ್ಲ. ಏಪ್ರಿಲ್‌ನಲ್ಲಿ ಅಮೆರಿಕದ ವಸಾಹತುಗಳು ಬಂದೂಕು ಎತ್ತಿದವು. ಆ ಸುದ್ದಿ ಸಾಗರ ದಾಟಿ ಲಂಡನ್ ಮುಟ್ಟುವಷ್ಟರಲ್ಲಿ ತಾವು ಇನ್ನೂ ಸೂಕ್ಷ್ಮವಾದ ವಿಚಾರವೊಂದನ್ನು ಇತ್ಯರ್ಥ ಮಾಡಿ ಮುಗಿಸಿದ್ದಿರಿ. ಎಂಜಿನ್ನಿನ ಉಗಿಯನ್ನು ಬೇರೊಂದು ಪಾತ್ರೆಗೆ ಹರಿಸಿ ತಣ್ಣಗಾಗಿಸುವ ಹಕ್ಕು ಇನ್ನು 25 ವರ್ಷ ಒಬ್ಬರೇ ಮಹಾಶಯರದು! ಮೇ 22ರಂದು ದೊರೆಯ ಅಂಕಿತವೂ ಬಿತ್ತು.

ಅಭಿನಂದನಾ ಪತ್ರವಾದರೂ ನ್ಯಾಯವನ್ನು ನ್ಯಾಯವೆಂದೇ ಹೇಳಬೇಕು. ಹಳೆಯ ನ್ಯೂಕಮೆನ್ ಎಂಜಿನ್ ಒಂದೇ ಸಿಲಿಂಡರನ್ನು ಪ್ರತಿ ಹೊಡೆತಕ್ಕೂ ಕಾಯಿಸಿ, ತಣಿಸಿ, ಮತ್ತೆ ಕಾಯಿಸುತ್ತಿತ್ತು. ಕಲ್ಲಿದ್ದಲು ಎಷ್ಟು ಸುರಿದರೂ ಅದಕ್ಕೆ ಸಾಲದು. ತಣಿಸುವ ಕೆಲಸವನ್ನು ಸಿಲಿಂಡರಿನಿಂದ ಹೊರಗೆ ಹಾಕಿದ ಯೋಚನೆ ವಾಟ್ ಅವರದೇ, ಅದು ದೊಡ್ಡ ಯೋಚನೆಯೇ. 1769ರಲ್ಲಿ ಸಿಕ್ಕ ಪೇಟೆಂಟಿಗೆ 14 ವರ್ಷದ ಆಯುಸ್ಸು. ಅದರಲ್ಲಿ ಆರು ವರ್ಷ ಕಾಲುವೆಗಳ ಸರ್ವೆ ಮಾಡಿ ಹೊಟ್ಟೆ ಹೊರೆಯುವುದರಲ್ಲೇ ಕಳೆದುಹೋಯಿತು. ಬಂಡವಾಳ ಹಾಕಿದ ಜಾನ್ ರೋಬಕ್ 1773ರಲ್ಲಿ ದಿವಾಳಿಯೆದ್ದರು. ಅವರ ಪಾಲನ್ನು ಕೊಂಡವರು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆದಾರ ಮ್ಯಾಥ್ಯೂ ಬೋಲ್ಟನ್. ಉಳಿದ ಎಂಟು ವರ್ಷದಲ್ಲಿ ಹಾಕಿದ ದುಡ್ಡು ಹುಟ್ಟುವುದಿಲ್ಲ ಎಂದು ಬೋಲ್ಟನ್ ಲೆಕ್ಕ ಹಾಕಿದರು. ಲೆಕ್ಕ ತಪ್ಪಾಗಿರಲಿಲ್ಲ.

ಹಾಗಾಗಿ ವಾಟ್ ಲಂಡನ್ನಿನ ದಾರಿ ಹಿಡಿದರು. ಫೆಬ್ರುವರಿಯಲ್ಲಿ ಅರ್ಜಿ ಬಂತು. ಬೇಕಾದವರನ್ನು ಕಂಡು ಮಾತಾಡಿದ್ದೂ ಆಯಿತು. ಬ್ರಿಸ್ಟಲಿನ ಸದಸ್ಯ ಎಡ್ಮಂಡ್ ಬರ್ಕ್ ವಿರೋಧಿಸಿದರು. ಅವರನ್ನು ವಿರೋಧಿಸಲು ಬಿಟ್ಟು ತಾವು ಮಸೂದೆಯನ್ನು ಪಾಸು ಮಾಡಿದಿರಿ, ಮೂಲ ಪೇಟೆಂಟಿನಲ್ಲಿ ಇಲ್ಲದಿದ್ದ ಸ್ಕಾಟ್ಲೆಂಡನ್ನೂ ಮೇಲೆ ಸೇರಿಸಿಕೊಟ್ಟಿರಿ. ಗಿರಾಕಿಯ ಜಾಗದಲ್ಲಿ ಬೋಲ್ಟನ್-ವಾಟ್ ಜೋಡಿಯ ಮೊದಲ ಎಂಜಿನ್‌ಗಳು ಚಾಲೂ ಆದದ್ದು 1776ರಲ್ಲಿ. ಎಂಜಿನ್ ಓಡುವ ಮೊದಲೇ ಕಾಯ್ದೆ ಓಡಿತ್ತು!

ಇದೇನೂ ಹೊಸ ಔದಾರ್ಯವಲ್ಲ. 1699ರಲ್ಲಿ ತಮ್ಮ ಹಿರಿಯರು ಥಾಮಸ್ ಸೇವರಿಯ ಉಗಿಯಂತ್ರದ ಪೇಟೆಂಟಿಗೆ ಇಂಥದೇ ಕಾಯ್ದೆಯಿಂದ 21 ವರ್ಷ ಸೇರಿಸಿ 1733ರವರೆಗೆ ಒಯ್ದಿದ್ದರು. ಪರಿಣಾಮ, 1712ರಲ್ಲಿ ಬೇರೆಯೇ ಬಗೆಯ ಎಂಜಿನ್ ನಿಲ್ಲಿಸಿದ ನ್ಯೂಕಮೆನ್ ಕೂಡ ಸೇವರಿಯ ಹೆಸರಿನ ನೆರಳಲ್ಲೇ ದಂಧೆ ಮಾಡಬೇಕಾಯಿತು.

ತಮ್ಮ ಕಾಯ್ದೆಯ ಸುಖವನ್ನು ಹೆಚ್ಚು ಉಂಡವರು ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳವರು. ಅಲ್ಲಿ ಕಲ್ಲಿದ್ದಲಿಲ್ಲ, ವೇಲ್ಸಿನಿಂದ ಹಡಗಿನಲ್ಲಿ ಬರಬೇಕು. ಬೋಲ್ಟನ್ ಮತ್ತು ವಾಟ್ ಹೇಳಿದ ದರ ಹೀಗಿತ್ತು: ಹಳೆಯ ಎಂಜಿನ್‌ಗೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯ ಮೂರನೇ ಒಂದು ಪಾಲು ನಮಗೆ. ಅಂದರೆ ಗಣಿಯವನು ಸುಟ್ಟ ಕಲ್ಲಿದ್ದಲಿಗೆ ವೇಲ್ಸಿನ ವ್ಯಾಪಾರಿಗೂ, ಸುಡದ ಕಲ್ಲಿದ್ದಲಿಗೆ ಬರ್ಮಿಂಗ್‌ಹ್ಯಾಮಿಗೂ ಹಣ ಎಣಿಸಬೇಕು. ಮೊದಮೊದಲು ಲಾಭವೆನಿಸಿದ ಒಪ್ಪಂದ, ವರ್ಷ ಕಳೆದಂತೆ ಹಪ್ತಾದ ಹಾಗೆ ಕಾಣತೊಡಗಿತು.

ಪೇಟೆಂಟಿನ ಬಿಸಿ ವಾಟ್ ಅವರಿಗೂ ತಟ್ಟಿತ್ತು. 1780ರಲ್ಲಿ ಜೇಮ್ಸ್ ಪಿಕಾರ್ಡ್ ಎಂಬವರು ಉಗಿ ಎಂಜಿನ್ನಿನಲ್ಲಿ ಕ್ರ್ಯಾಂಕ್ ಬಳಸುವುದಕ್ಕೆ ಹಕ್ಕು ಪಡೆದರು. ಕಾಲಿನಿಂದ ತುಳಿದು ತಿರುಗಿಸುವ ಲೇತ್‌ನಲ್ಲಿ ಯಾವ ಕಾಲದಿಂದಲೋ ಇದ್ದ ಸಾಮಾನ್ಯ ವಸ್ತುವಿಗೂ ಹಕ್ಕೇ ಎಂದು ವಾಟ್ ಗೊಣಗಿದರು. ಆಮೇಲೆ ಅದನ್ನು ತಪ್ಪಿಸಿಕೊಳ್ಳಲು ಒಂದು ಹಲ್ಲುಗಾಲಿಯ ಸುತ್ತ ಇನ್ನೊಂದು ಸುತ್ತುವ 'ಸೂರ್ಯ-ಗ್ರಹ' ಜೋಡಣೆಯನ್ನು 1781ರಲ್ಲಿ ತಾವೇ ಪೇಟೆಂಟ್ ಮಾಡಿಸಿಕೊಂಡರು. ಅದು ಹೊಳೆದದ್ದು ಅವರ ನೌಕರ ವಿಲಿಯಂ ಮರ್ಡಾಕ್‌ಗೆ ಎನ್ನುತ್ತಾರೆ. ಪಾಪದ ಮರ್ಡಾಕ್! 1786ರಲ್ಲಿ ತನ್ನ ಉಗಿ ಗಾಡಿಗೆ ಪೇಟೆಂಟ್ ಮಾಡಿಸಲು ಲಂಡನ್ನಿಗೆ ಹೊರಟಿದ್ದವರನ್ನು ಬೋಲ್ಟನ್ ಎಕ್ಸೆಟರ್ ಬಳಿ ದಾರಿಯಲ್ಲೇ ಹಿಡಿದು, ನಯವಾಗಿ ಮಾತಾಡಿ, ಕಾರ್ನ್‌ವಾಲ್‌ಗೆ ವಾಪಸು ಕಳಿಸಿದರು.

ಇನ್ನು ಜೊನಾಥನ್ ಹಾರ್ನ್‌ಬ್ಲೋವರ್. ಉಗಿಯನ್ನು ಎರಡು ಸಿಲಿಂಡರುಗಳಲ್ಲಿ ಒಂದಾದ ಮೇಲೊಂದರಂತೆ ದುಡಿಸುವ ಎಂಜಿನ್ನಿಗೆ 1781ರಲ್ಲಿ ಪೇಟೆಂಟ್ ಪಡೆದಿದ್ದ ಅವರು 1792ರಲ್ಲಿ ಅದೇ ಸದನದ ಮೆಟ್ಟಿಲು ಹತ್ತಿ, ವಾಟ್ ಅವರಿಗೆ ಕೊಟ್ಟ ಹಾಗೆ ನನಗೂ ಕೆಲವು ವರ್ಷ ಕೊಡಿ ಎಂದರು. ಬೋಲ್ಟನ್ ಮತ್ತು ವಾಟ್ ಸದಸ್ಯರ ಹಿಂದೆ ಬಿದ್ದು ಅದಾಗದಂತೆ ನೋಡಿಕೊಂಡರು. ಅವಧಿ ವಿಸ್ತರಣೆಯಿಂದ ಬೆಳೆದವರಿಗೆ ಅದರ ಅಪಾಯ ಬೇರೆಯವರಿಗಿಂತ ಚೆನ್ನಾಗಿಯೇ ಗೊತ್ತಿದ್ದಿರಬೇಕು.

ಸದನದಲ್ಲಿ ಸೋತವರು ಕೋರ್ಟಿಗೆ ಬಂದರು, ಅಥವಾ ಎಳೆಯಲ್ಪಟ್ಟರು. 1793ರಲ್ಲಿ ಕಾರ್ನ್‌ವಾಲ್‌ನಲ್ಲಿ ಎಂಜಿನ್ ಕಟ್ಟುತ್ತಿದ್ದ ಎಡ್ವರ್ಡ್ ಬುಲ್ ಮೇಲೆ ಮೊಕದ್ದಮೆ ಬಿತ್ತು. ಜೂರಿ ವಾಟ್ ಪರ ನಿಂತರೂ ಒಂದು ಪ್ರಶ್ನೆ ಉಳಿಯಿತು. ವಾಟ್ ಅವರ ಮೂಲ ವಿವರಣೆಯಲ್ಲಿ ಒಂದೇ ಒಂದು ನಕ್ಷೆ ಇರಲಿಲ್ಲ. ಇದ್ದದ್ದು ತತ್ವಗಳ ಪಟ್ಟಿ. ತತ್ವಕ್ಕೆ ಪೇಟೆಂಟ್ ಉಂಟೇ? 1795ರಲ್ಲಿ ನಾಲ್ವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಉಂಟು ಎಂದರು, ಇಬ್ಬರು ಇಲ್ಲ ಎಂದರು. 1799ರಲ್ಲಿ, ಅವಧಿ ಮುಗಿಯಲು ವರ್ಷವಷ್ಟೇ ಉಳಿದಿದ್ದಾಗ, ಹಾರ್ನ್‌ಬ್ಲೋವರ್ ಕುಟುಂಬದವರ ಮೊಕದ್ದಮೆಯಲ್ಲಿ ಪೇಟೆಂಟ್ ಊರ್ಜಿತವೆಂದು ತೀರ್ಪಾಯಿತು. ತಡೆಹಿಡಿದಿದ್ದ ಬಾಕಿಯನ್ನು ಗಣಿಗಳವರು ತೆರಬೇಕಾಯಿತು.

1800ರಲ್ಲಿ ಬೇಲಿ ಬಿತ್ತು, ವಾಟ್ ನಿವೃತ್ತರಾದರು. ಅವರು ಅಪಾಯಕಾರಿ ಎಂದು ದೂರವಿಟ್ಟಿದ್ದ ಅಧಿಕ ಒತ್ತಡದ ಉಗಿಯಲ್ಲಿ ರಿಚರ್ಡ್ ಟ್ರೆವಿಥಿಕ್ 1801ರ ಕ್ರಿಸ್‌ಮಸ್ ಹಿಂದಿನ ಸಂಜೆ ಕ್ಯಾಂಬೋರ್ನ್‌ನ ಏರುದಾರಿಯಲ್ಲಿ ಗಾಡಿ ಓಡಿಸಿದರು. 1811ರಿಂದ ಕಾರ್ನ್‌ವಾಲ್‌ನವರು ಯಾವ ಎಂಜಿನ್ ಎಷ್ಟು ಕಲ್ಲಿದ್ದಲಿಗೆ ಎಷ್ಟು ನೀರು ಎತ್ತಿತು ಎಂಬುದನ್ನು ತಿಂಗಳು ತಿಂಗಳು ಅಚ್ಚುಹಾಕಿಸಿ ಎಲ್ಲರಿಗೂ ಹಂಚತೊಡಗಿದರು. ಅಲ್ಲಿನ ಎಂಜಿನ್‌ಗಳು ಮುಂದಿನ ದಶಕಗಳಲ್ಲಿ ಸುಧಾರಿಸಿದ ವೇಗ ತಮ್ಮ 25 ವರ್ಷಗಳಲ್ಲಿ ಕಂಡದ್ದಲ್ಲ. ಅದರ ಶ್ರೇಯಸ್ಸಿನಲ್ಲಿ ಪಾಲು ಕೇಳಿ ತಾವು ಅರ್ಜಿ ಹಾಕಿಲ್ಲ ಎಂಬುದೊಂದು ಸಮಾಧಾನ.

ಇಂತಿ,
ಸುಡದ ಕಲ್ಲಿದ್ದಲಿಗೆ ಬಿಲ್ಲು ಕಟ್ಟಿದವರ ಪರವಾಗಿ.

ವಿ.ಸೂ.: ಇಂಥ ಪತ್ರಗಳಿಂದ ಏನೂ ಆಗದು ಎಂದು ತಮ್ಮ ವಕೀಲರು ಹೇಳಬಹುದು. ಸರಿಯೇ. ಬೀಗ, ಕಕ್ಕಸಿನ ಹೊಸ ಮಾದರಿಗಳಿಗೆ ಹೆಸರಾದ ಜೋಸೆಫ್ ಬ್ರಾಮಾ ವಾಟ್ ವಿರುದ್ಧ ಸಾಕ್ಷಿ ನುಡಿದ ಮೇಲೆ, 1797ರಲ್ಲಿ ಮುಖ್ಯ ನ್ಯಾಯಮೂರ್ತಿ ಸರ್ ಜೇಮ್ಸ್ ಐರ್ ಅವರಿಗೇ ಒಂದು ಪತ್ರ ಬರೆದು ಅಚ್ಚುಹಾಕಿಸಿದರು. ಎರಡು ವರ್ಷದ ನಂತರ ತೀರ್ಪು ವಾಟ್ ಕಡೆಗೇ ಬಂತು.