ಸಲಿಂಗ ಪ್ರಣಯಕಥಾನಾಯಕ ಲಕ್ಷಣ ನಿರ್ಣಯವೆಂಬ ಲಘುಶಾಸ್ತ್ರವು

ಪ್ರಾಚೀನ ಆಲಂಕಾರಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದರು: ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ, ಜಲಕ್ರೀಡೆ, ಇತ್ಯಾದಿ. ಇಂದಿನ ಇಂಗ್ಲಿಷ್ ಗೇ ಪ್ರಣಯ ಕಾದಂಬರಿಕಾರರು ಇವೆಲ್ಲವನ್ನೂ ನಾಯಕನ ಹೊಟ್ಟೆಯೊಂದರ ಮೇಲೆಯೇ ಇಳಿಸಿ ಶ್ರಮ ಉಳಿಸಿದ್ದಾರೆ. ಅಲ್ಲಿ ಆರು ದಿಬ್ಬಗಳಿರುವುದರಿಂದ ಪರ್ವತವರ್ಣನೆ ಆಯಿತು. ಬಚ್ಚಲಿನಿಂದ ಟವೆಲು ಸುತ್ತಿಕೊಂಡು ಬರುವಾಗ ನೀರಿನ ಹನಿಯೊಂದು ಆ ದಿಬ್ಬಗಳ ನಡುವೆ ದಾರಿ ಹುಡುಕಿ ಇಳಿಯುವುದರಿಂದ ಜಲಕ್ರೀಡೆಯೂ ಆಯಿತು. ಹದಿನೆಂಟರಲ್ಲಿ ಕುಮಾರೋದಯವೊಂದನ್ನು ಮಾತ್ರ ಎಲ್ಲಿ ಸೇರಿಸುವುದೆಂದು ತಿಳಿಯದೆ ಬಿಟ್ಟಿದ್ದಾರೆ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಬೇಕು. ವಿಷಯ: ಗಂಡು ಗಂಡನ್ನು ಪ್ರೀತಿಸುವ ಕಥೆಗಳಲ್ಲಿ ನಾಯಕನು ನೋಡಲು ಹೇಗಿರತಕ್ಕದ್ದು ಎಂಬುದು. ಅಧಿಕಾರಿ: ಹಳಗನ್ನಡ ಪಾಠ ಹೇಳಿ ನಿವೃತ್ತನಾದ, ಮಧ್ಯಾಹ್ನ ನಿದ್ದೆ ಬಾರದ ನಾನು. ಸಂಬಂಧ: ರಜೆಗೆ ಬಂದ ಮೊಮ್ಮಗಳು ಮರೆತು ಹೋದ ಕಿಂಡಲ್. ಪ್ರಯೋಜನ: ಇಲ್ಲ. “ತಾತ, ಅದರಲ್ಲಿರೋದು ನಿಮಗೆ ಹಿಡಿಸಲ್ಲ” ಎಂದು ಅವಳು ಫೋನಿನಲ್ಲಿ ಎಚ್ಚರಿಸಿದಳು. ಮೂವತ್ತು ವರ್ಷ ಜನ್ನನನ್ನು ಪಾಠ ಮಾಡಿದವನಿಗೆ ಹಿಡಿಸದ ಪ್ರಣಯ ಯಾವುದಮ್ಮ ಎಂದೆ. ಜನ್ನನ ಪ್ರಸ್ತಾಪ ಮುಂದೆ ಬರುತ್ತದೆ.

ಮೊದಲು ಹೊರಮೈ. ಪುಸ್ತಕದ ಹೊದಿಕೆಯನ್ನು ನಾವು ಮುಖಪುಟವೆನ್ನುತ್ತೇವೆ. ಈ ಜಾತಿಯ ಪುಸ್ತಕಗಳಲ್ಲಿ ಬಹಳಷ್ಟರ ಮುಖಪುಟದಲ್ಲಿ ಇಲ್ಲದಿರುವುದು ಮುಖವೊಂದೇ. ಮೇಲೆ ಗಲ್ಲದ ಹತ್ತಿರ ಕತ್ತರಿ ಬಿದ್ದಿದೆ, ಕೆಳಗೆ ಜೀನ್ಸಿನ ಗುಂಡಿಯ ಹತ್ತಿರ ಚಿತ್ರ ಮುಗಿದಿದೆ. ಅರಣ್ಯಕಾಂಡದಲ್ಲಿ ರಾಮಲಕ್ಷ್ಮಣರಿಗೆ ಎದುರಾದ ಕಬಂಧನಿಗೂ ತಲೆಯಿರಲಿಲ್ಲ. ಆದರೆ ಅವನಿಗೆ ಎದೆಯಲ್ಲೊಂದು ಕಣ್ಣು, ಹೊಟ್ಟೆಯಲ್ಲೊಂದು ಬಾಯಿಯಾದರೂ ಇತ್ತು. ಇವನ ಹೊಟ್ಟೆಯಲ್ಲಿ ಬಾಯಿ ಇರುವ ಸಂಭವವಿಲ್ಲ. ಊಟ ಕಂಡ ಹೊಟ್ಟೆಯೇ ಅಲ್ಲ ಅದು. ಇದಕ್ಕೆ ಕಬಂಧನ್ಯಾಯವೆಂದು ಹೆಸರಿಡುತ್ತೇನೆ. ತಲೆ ತೆಗೆಯುವುದಕ್ಕೆ ಲೌಕಿಕ ಕಾರಣವೂ ಇದೆ. ಸ್ಟಾಕ್ ಫೋಟೊ ಅಂಗಡಿಯಲ್ಲಿ ಒಂದೇ ಮೈಯನ್ನು ಹತ್ತಾರು ಪ್ರಕಾಶಕರು ಕೊಳ್ಳಬಹುದು. ಮುಖ ಇದ್ದರೆ ಗುರುತು ಹತ್ತುತ್ತದೆ. ಮುಖ ಇಲ್ಲದಿದ್ದರೆ ಅದೇ ಮೈ ಒಂದು ಪುಸ್ತಕದಲ್ಲಿ ಅಗ್ನಿಶಾಮಕ ದಳದವನು, ಇನ್ನೊಂದರಲ್ಲಿ ಕೋಟ್ಯಧಿಪತಿ, ಮತ್ತೊಂದರಲ್ಲಿ ಹುಣ್ಣಿಮೆಗೆ ತೋಳನಾಗುವವನು.

ಈ ಮೈ ಎಲ್ಲಿಂದ ಬಂತೆಂದು ಕೇಳಿದರೆ, ಹುಟ್ಟಿಸಿದವರಲ್ಲಿ ಅಮೆರಿಕದ ಅಂಚೆ ಇಲಾಖೆಗೂ ಪಾಲಿದೆ ಎನ್ನಬೇಕು. ಲಾಸ್ ಏಂಜಲೀಸಿನ ಬಾಬ್ ಮೈಜರ್ 1951ರಲ್ಲಿ ‘ಫಿಸೀಕ್ ಪಿಕ್ಟೋರಿಯಲ್’ ಎಂಬ ಪುಟ್ಟ ಪತ್ರಿಕೆ ಶುರುಮಾಡಿದ. ಗಂಡು ಗಂಡನ್ನು ನೋಡಿ ಸಂತೋಷಪಡುವುದಕ್ಕೆಂದು ಪಟ ಅಚ್ಚುಹಾಕಿ ಅಂಚೆಗೆ ಹಾಕಿದರೆ ಜೈಲು. ಅಂಗಸಾಧನೆ ಮತ್ತು ಕಲಾಭ್ಯಾಸಕ್ಕೆಂದು ಹಾಕಿದರೆ, ಅದೃಷ್ಟ ಚೆನ್ನಾಗಿದ್ದರೆ, ಇಲ್ಲ. ಆದ್ದರಿಂದ ಬಯಕೆಯೆಂಬುದು ಗರಡಿಮನೆಯ ವೇಷ ಹಾಕಿಕೊಂಡು ಓಡಾಡಬೇಕಾಯಿತು. ಇಂಥ ಪತ್ರಿಕೆಗಳನ್ನು ಅಂಚೆಯಲ್ಲಿ ಕಳಿಸಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 1962ರಲ್ಲಿ. ಅಷ್ಟರಲ್ಲಿ ವೇಷವೇ ಮೈಗೆ ಅಂಟಿಕೊಂಡಿತ್ತು. ಮೈಜರನ ಪತ್ರಿಕೆಯ 1957ರ ಸಂಚಿಕೆಯೊಂದರ ಹೊದಿಕೆಗೆ ಮರಕಡಿಯುವವರ ಚಿತ್ರ ಬರೆದುಕೊಟ್ಟ ಫಿನ್ಲೆಂಡಿನ ಟೌಕೊ ಲಾಕ್ಸೊನೆನ್ ‘ಟಾಮ್ ಆಫ್ ಫಿನ್ಲೆಂಡ್’ ಎಂದು ಹೆಸರಾದ. ಅವನು ಬರೆದ ಗಂಡಸರ ಎದೆ ಬಾಗಿಲಿನಷ್ಟು ಅಗಲ, ಸೊಂಟ ಬಾಗಿಲ ಸಂದಿನಷ್ಟು. 2014ರಲ್ಲಿ ಫಿನ್ಲೆಂಡ್ ದೇಶ ಅವನ ಚಿತ್ರಗಳ ಅಂಚೆಚೀಟಿಯನ್ನೇ ಹೊರತಂದಿತು. ಒಂದು ದೇಶದ ಅಂಚೆ ಹೊರಲು ಒಲ್ಲೆನೆಂದ ಮೈ ಇನ್ನೊಂದು ದೇಶದ ಅಂಚೆಯನ್ನೇ ಹೊತ್ತು ತಿರುಗಿತು.

ಇನ್ನೂ ಹಿಂದಕ್ಕೆ ಹೋಗುವವರು ವಿಂಕೆಲ್ಮನ್ನನ ಬಳಿ ನಿಲ್ಲುತ್ತಾರೆ. 1764ರಲ್ಲಿ ಪ್ರಾಚೀನ ಕಲೆಯ ಇತಿಹಾಸ ಬರೆದ ಈ ಜರ್ಮನ್ ಪಂಡಿತ ರೋಮಿನಲ್ಲಿರುವ ಅಪೊಲೊ ವಿಗ್ರಹದ ಮುಂದೆ ನಿಂತು ಮೈಮರೆತವನು. ಹಾಲಿನಂಥ ಬಿಳಿ ಅಮೃತಶಿಲೆಯ ಗಂಡಿನ ರೂಪವನ್ನು ಯುರೋಪಿಗೆ ಅಳತೆಗೋಲಾಗಿ ಕೊಟ್ಟವರಲ್ಲಿ ಅವನು ಮುಖ್ಯ. ಗ್ರೀಕರು ಆ ವಿಗ್ರಹಗಳಿಗೆ ಬಣ್ಣ ಬಳಿಯುತ್ತಿದ್ದರು, ನೆಲದೊಳಗೆ ಹೂತು ಬಣ್ಣ ಹೋಗಿತ್ತು, ಅಷ್ಟೆ. ಸುಣ್ಣ ಮಾತ್ರ ಉಳಿದ ಗೋಡೆಯನ್ನು ನೋಡಿ, ಮನೆ ಕಟ್ಟಿದವನಿಗೆ ಸುಣ್ಣವೇ ಇಷ್ಟವಿತ್ತು ಎಂದ ಹಾಗೆ. ವೈಲ್ಡನ ಡೋರಿಯನ್ ಗ್ರೇ 1890ರಲ್ಲಿ ಹೊಂಗೂದಲು, ನೀಲಿ ಕಣ್ಣು ಇಟ್ಟುಕೊಂಡೇ ಹುಟ್ಟಿದ. ಐದು ವರ್ಷದ ಮೇಲೆ ಕೋರ್ಟಿನಲ್ಲಿ ಆ ಕಾದಂಬರಿಯ ಭಾಗಗಳನ್ನೇ ಓದಿ ಕರ್ತೃವಿನ ಮೇಲೆ ತಿರುಗಿಸಿದರು. ಚೆಲುವು ಸಾಕ್ಷಿಕಟ್ಟೆ ಹತ್ತಿದ್ದು ಆಗ.

ಕೂದಲ ಬಣ್ಣದ ವಿಚಾರ ಇಷ್ಟಕ್ಕೆ ಮುಗಿಯುವುದಿಲ್ಲ. ಈ ಕಾದಂಬರಿಗಳಲ್ಲಿ ಒಬ್ಬನಿಗೆ ಹೊಂಗೂದಲಾದರೆ ಇನ್ನೊಬ್ಬನಿಗೆ ಕಪ್ಪು, ಒಬ್ಬ ಎತ್ತರವಾದರೆ ಇನ್ನೊಬ್ಬ ಒಂದು ಗೇಣು ಗಿಡ್ಡ. ಕೇಸಿ ಮಕ್‌ಕ್ವಿಸ್ಟನ್ 2019ರಲ್ಲಿ ಬರೆದ ‘ರೆಡ್, ವೈಟ್ ಅಂಡ್ ರಾಯಲ್ ಬ್ಲೂ’ದಲ್ಲಿ ಇಂಗ್ಲೆಂಡಿನ ರಾಜಕುಮಾರನ ತಲೆ ಹೊನ್ನಿನದು, ಅಮೆರಿಕದ ಅಧ್ಯಕ್ಷೆಯ ಮಗನದು ಕಪ್ಪು. ಪೂರ್ವಪಕ್ಷದವರು ಇದನ್ನು ಸೌಂದರ್ಯದೃಷ್ಟಿ ಎನ್ನುತ್ತಾರೆ. ಅಲ್ಲ, ಇದು ವ್ಯಾಕರಣ. ಸಿದ್ಧಾಂತವನ್ನು ಮಂಡಿಸುತ್ತೇನೆ, ಸ್ವಲ್ಪ ಸಾವಧಾನವಿರಲಿ.

ಹೆಣ್ಣುಗಂಡಿನ ಕಥೆಯಲ್ಲಿ ಇಂಗ್ಲಿಷಿಗೆ ‘ಹೀ’, ‘ಶೀ’ ಎಂಬೆರಡು ಸರ್ವನಾಮಗಳು ಸಾಕು. ಇಬ್ಬರೂ ‘ಹೀ’ ಆದ ಕೂಡಲೆ ಪ್ರಣಯ ಅಲ್ಲೋಲಕಲ್ಲೋಲ. ‘ಹೀ’ ತನ್ನ ಕೈಯನ್ನು ‘ಹಿಸ್’ ಹೆಗಲ ಮೇಲೆ ಇಟ್ಟನೆಂದರೆ ಯಾರ ಕೈ, ಯಾರ ಹೆಗಲು? ಓದುಗ ನಾಲ್ಕು ಕೈ, ನಾಲ್ಕು ಕಾಲುಗಳ ಲೆಕ್ಕ ಇಡುತ್ತ ಕೂರುವಷ್ಟರಲ್ಲಿ ಮುಖ್ಯ ಘಟನೆ ಮುಗಿದಿರುತ್ತದೆ. ಹೆಸರನ್ನೇ ಪದೇ ಪದೇ ಕೂಗಿದರೆ ಹಾಜರಿ ಪುಸ್ತಕವಾಗುತ್ತದೆ. ಆದ್ದರಿಂದ ಲೇಖಕರು ಬಿರುದುಗಳನ್ನು ಕಂಡುಹಿಡಿದರು: ಹೊಂಗೂದಲಿನವನು, ಎತ್ತರದವನು, ಹಿರಿಯನು, ಹಸಿರು ಕಣ್ಣಿನವನು. ‘ಸ್ಟಾರ್ ಟ್ರೆಕ್’ನ ಕರ್ಕ್ ಮತ್ತು ಸ್ಪಾಕರನ್ನು ಪ್ರೇಮಿಗಳನ್ನಾಗಿಸಿ ಅಭಿಮಾನಿಗಳು 1974ರಿಂದ ಅಚ್ಚುಮಾಡಿದ ಕಥೆಗಳಿಗೆ ಈ ತೊಂದರೆ ಅಷ್ಟಾಗಿ ಬಾಧಿಸಲಿಲ್ಲ, ಏಕೆಂದರೆ ಒಬ್ಬನನ್ನು ‘ವಲ್ಕನ್’ ಎಂದರೆ ಮುಗಿಯಿತು, ಅವನ ಕಿವಿಯೇ ಬೇರೆ. ಇಬ್ಬರೂ ಭೂಲೋಕದವರಾದರೆ ಮಾತ್ರ ಕೂದಲಿಗೆ ಬಣ್ಣ ಕಟ್ಟಲೇಬೇಕು. ಹೀಗೆ, ಸರ್ವನಾಮಕ್ಕೆ ಹುಟ್ಟಿದ ವರ್ಣಭೇದವಿದು. ನೋಡಿದವರು ಚೆಲುವೆಂದು ಭ್ರಮಿಸಿದರು.

ಕನ್ನಡಕ್ಕೆ ಈ ಬಾಧೆಯಿಲ್ಲ. ನಮಗೆ ಅವನು ಇದ್ದಾನೆ, ಇವನು ಇದ್ದಾನೆ, ಎಲ್ಲಕ್ಕಿಂತ ಮಿಗಿಲಾಗಿ ತಾನು ಇದ್ದಾನೆ. “ಇವನು ತನ್ನ ಕೈಯನ್ನು ಅವನ ಹೆಗಲ ಮೇಲಿಟ್ಟ” ಎಂದರೆ ಕೈ ಯಾರದೆಂಬ ಅನುಮಾನ ಪಂಚಾಯತಿಗೆ ಹೋಗುವುದಿಲ್ಲ. ಇಬ್ಬರಿಗೂ ಕಪ್ಪು ಕೂದಲು, ಇಬ್ಬರಿಗೂ ಕಪ್ಪು ಕಣ್ಣು, ಇಬ್ಬರೂ ಐದು ಅಡಿ ಆರು ಅಂಗುಲ, ಇಬ್ಬರಿಗೂ ಸಣ್ಣ ಹೊಟ್ಟೆ ಇದ್ದರೂ ಕಥೆ ನಡೆಯುತ್ತದೆ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ಮೋಹನಸ್ವಾಮಿಯನ್ನೂ ಕಾರ್ತಿಕನನ್ನೂ ಬೇರೆಮಾಡಿ ನೋಡಲು ಯಾವ ಓದುಗನಿಗೂ ಹೊಂಗೂದಲು ಬೇಕಾಗಲಿಲ್ಲ. ಅವರನ್ನು ಬೇರೆಮಾಡಿದ್ದು ಕಾರ್ತಿಕನ ಮದುವೆ. ಅದು ಬೇರೆ ದುಃಖ. ಕಣ್ಣಿನ ಮಾತು ಬಂದಿತೆಂದು ಇನ್ನೊಂದು ಹೇಳಿಬಿಡುತ್ತೇನೆ: ನಮ್ಮ ಕವಿಗಳು ಕಣ್ಣಿನ ಆಕಾರ ನೋಡಿದರು, ಮೀನು, ತಾವರೆ, ಜಿಂಕೆ. ಇವರು ಬಣ್ಣವನ್ನೇ ನೋಡುತ್ತಾರೆ. ಎಲ್ಲರ ಕಣ್ಣೂ ಒಂದೇ ಬಣ್ಣವಿರುವ ನಾಡಿನಲ್ಲಿ ಕವಿ ಇನ್ನೇನು ನೋಡಿಯಾನು.

ಜಪಾನಿನಲ್ಲಿ ಹುಡುಗರ ಪ್ರೇಮದ ಚಿತ್ರಕಥೆಗಳಿಗೆಂದೇ 1978ರಲ್ಲಿ ‘ಜುನೆ’ ಎಂಬ ಪತ್ರಿಕೆ ಹುಟ್ಟಿತು. ಆ ಸಂಪ್ರದಾಯದಲ್ಲಿ ಮುಂದುವರಿಯುವವನು ಸೆಮೆ, ಒಪ್ಪಿಕೊಳ್ಳುವವನು ಉಕೆ. ಸೆಮೆ ಎತ್ತರ, ಉಕೆಯ ಕಣ್ಣು ದೊಡ್ಡದು. ಕೆಲವು ಚಿತ್ರಗಳಲ್ಲಿ ಸೆಮೆಯ ಅಂಗೈ ಮೊರದಷ್ಟಿರುತ್ತದೆ, ಅಭಿಮಾನಿಗಳೇ ಅದನ್ನು ಆಡಿಕೊಂಡು ನಗುತ್ತಾರೆ. ಗೆಂಗೊರೊ ತಗಾಮೆ ಮಾತ್ರ ಈ ಜೊಂಡುಹುಲ್ಲಿನಂಥ ಹುಡುಗರನ್ನೆಲ್ಲ ಬದಿಗಿಟ್ಟು ಗಡ್ಡ, ಹೊಟ್ಟೆ, ಮೈತುಂಬ ರೋಮ ಇರುವ ಗಂಡಸರನ್ನು ಬರೆದ. 2014ರಿಂದ ಪ್ರಕಟವಾದ ಅವನ ‘ನನ್ನ ತಮ್ಮನ ಗಂಡ’ದಲ್ಲಿ ಕೆನಡಾದಿಂದ ಬರುವ ಮೈಕ್ ಅಂಥವನೇ, ಬಾಗಿಲು ತುಂಬುವ ಆಳು. ಪ್ರಬಂಧಕಾರನು ತನ್ನ ಮೈಕಟ್ಟನ್ನು ಕನ್ನಡಿಯಲ್ಲಿ ನೋಡಿಕೊಂಡು ತಗಾಮೆಯ ಪಕ್ಷ ವಹಿಸುತ್ತಾನೆ.

ಈಗ ಈ ಶಾಸ್ತ್ರದ ಗರ್ಭಗುಡಿಗೆ ಬರೋಣ. ಅದು ಹಲ್ಲು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಮ್ಮವರು ಗೇ ಸಾಹಿತ್ಯಕ್ಕೆಂದೇ ಮಾಡಿಟ್ಟಂತಿದೆ. ಇಲ್ಲಿ ಕಡಲೆಯೆಂದರೆ ಸುಖಾಂತ. ಹಲ್ಲೆಂದರೆ ದೇವರು ಕೊಟ್ಟ ಹಾಗಿರುವ, ಸೊಟ್ಟಗಿರುವ, ಉಬ್ಬಿರುವ ಮನುಷ್ಯನ ಹಲ್ಲು. ಇವೆರಡೂ ಒಂದೇ ಪುಸ್ತಕದಲ್ಲಿ ಸೇರುವುದಿಲ್ಲವೆಂಬುದು ನನ್ನ ಪ್ರತಿಜ್ಞೆ. ಉದಾಹರಣೆ: ಇ. ಎಂ. ಫಾರ್ಸ್ಟರ್ 1914ರ ಹೊತ್ತಿಗೆ ಬರೆದ, ಅವನು ತೀರಿಕೊಂಡ ಮರುವರ್ಷ, 1971ರಲ್ಲಿ, ಬೆಳಕು ಕಂಡ ‘ಮಾರಿಸ್’. ಸುಖಾಂತ ಆಗಲೇಬೇಕೆಂದು ಅವನು ಹಟ ಹಿಡಿದ. ಕೊನೆಯ ಟಿಪ್ಪಣಿಯಲ್ಲಿ, ನಾಯಕನನ್ನು ತನಗೆ ತದ್ವಿರುದ್ಧವಾಗಿ ಮಾಡಿದೆನೆಂದು ಹೇಳಿಕೊಂಡಿದ್ದಾನೆ: ಲಕ್ಷಣವಂತ, ಆರೋಗ್ಯವಂತ, ಬುದ್ಧಿ ಸ್ವಲ್ಪ ಮಂದ. ಚೆಲುವು ಬಂತು, ಸುಖ ಬಂತು. ಗಾರ್ಡನ್ ಮೆರಿಕ್ಕನ ‘ದ ಲಾರ್ಡ್ ವೋಂಟ್ ಮೈಂಡ್’ (1970) ನೋಡಿ. ಪೀಟರ್, ಚಾರ್ಲಿ ಇಬ್ಬರೂ ಎಷ್ಟು ಸುಂದರರೆಂದರೆ ಓದುಗನಿಗೆ ಜೀರ್ಣವಾಗುವುದಿಲ್ಲ. ಕೊನೆಗೆ ಒಂದಾಗುತ್ತಾರೆ. ಪೆಟ್ರೀಷಿಯಾ ನೆಲ್ ವಾರೆನ್ನಳ ‘ದ ಫ್ರಂಟ್ ರನ್ನರ್’ (1974): ಓಟಗಾರ ಬಿಲ್ಲಿಗೆ ಒಂದೇ ಒಂದು ಕೊರತೆ, ಕನ್ನಡಕ. ಒಲಿಂಪಿಕ್ಸ್ ಓಟದ ನಡುವೆಯೇ ಗುಂಡೇಟಿಗೆ ಬೀಳುತ್ತಾನೆ. ಬಾಲ್ಡ್‌ವಿನ್ನನ ಜಿಯೊವಾನಿ (1956) ಚೆಲುವನಾಗಿದ್ದೂ ಗಿಲೊಟಿನ್ನಿಗೆ ತಲೆ ಕೊಟ್ಟ. ಶಾಸ್ತ್ರಕ್ಕೆ ಒಗ್ಗದ್ದನ್ನು ಆರ್ಷಪ್ರಯೋಗವೆಂದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ.

ಪ್ರಧಾನ ಸಾಕ್ಷ್ಯ ಆನಿ ಪ್ರೂಳ ‘ಬ್ರೋಕ್‌ಬ್ಯಾಕ್ ಮೌಂಟನ್’, 1997ರ ಕಥೆ. ವಯೋಮಿಂಗ್ ಬೆಟ್ಟದಲ್ಲಿ ಕುರಿ ಕಾಯುವ ಇಬ್ಬರು. ಜ್ಯಾಕ್ ಗಿಡ್ಡ, ಸೊಂಟದ ಕೆಳಗೆ ಸ್ವಲ್ಪ ಭಾರ, ನಕ್ಕರೆ ಉಬ್ಬುಹಲ್ಲು. ಎನ್ನಿಸನಿಗೆ ಗೂಡುಬಿದ್ದ ಎದೆ, ಕಿರಿದಾದ ಮುಖ, ಕಡ್ಡಿಯಂಥ ಉದ್ದ ಕಾಲು. ನಾಲ್ಕು ವರ್ಷ ಅಗಲಿದ್ದು ಮತ್ತೆ ಸೇರಿದಾಗ ಜ್ಯಾಕನ ಹಲ್ಲು ತಾಗಿ ಮುತ್ತಿನಲ್ಲಿ ರಕ್ತ ಬರುತ್ತದೆ. ಹಲ್ಲು ಅಲಂಕಾರವಲ್ಲ, ಕಥೆಯಲ್ಲಿ ಕೆಲಸ ಮಾಡುತ್ತದೆ. ಕಡಲೆ ಮಾತ್ರ ಇಲ್ಲ, ಜ್ಯಾಕ್ ಸಾಯುತ್ತಾನೆ. 2005ರಲ್ಲಿ ಆಂಗ್ ಲೀ ಇದನ್ನು ಸಿನಿಮಾ ಮಾಡಿದಾಗ ಆ ಪಾತ್ರಗಳಿಗೆ ಬಂದವರು ಜೇಕ್ ಜಿಲೆನ್‌ಹಾಲ್ ಮತ್ತು ಹೀತ್ ಲೆಡ್ಜರ್. ಉಬ್ಬುಹಲ್ಲೂ ಇಲ್ಲ, ಗೂಡುಎದೆಯೂ ಇಲ್ಲ. ಕುರಿಗಳು ಮಾತ್ರ ಕಥೆಯಲ್ಲಿದ್ದಂತೆಯೇ ಇದ್ದವು.

ಈಗಿನದು ಐಸ್ ಹಾಕಿಯ ಕಾಲ. ರೇಚಲ್ ರೀಡ್‌ಳ ‘ಹೀಟೆಡ್ ರೈವಲ್ರಿ’ (2019) ಓದುಗರಿಗೆ ಹುಚ್ಚು ಹಿಡಿಸಿ 2025ರಲ್ಲಿ ಟಿವಿ ಸರಣಿಯೂ ಆಯಿತು. ಅದರ ಶೇನ್‌ಗೆ ಮುಖದ ಮೇಲೆ ಎಳ್ಳಿನಂಥ ಚುಕ್ಕಿಗಳು. ಇದು ಅನುಮತಿ ಪಡೆದ ಕೊರತೆ. ಹುಬ್ಬಿನಲ್ಲೊಂದು ಗಾಯದ ಗೆರೆ, ತುಸು ಸೊಟ್ಟ ಮೂಗು, ಇವೂ ಅದೇ ಪಟ್ಟಿಯವು. ಆದರೆ ನಿಜವಾದ ಹಾಕಿ ಆಟಗಾರರ ಲಾಂಛನವೇ ಉದುರಿದ ಮುಂಬಲ್ಲು. 1974ರಲ್ಲಿ ಸ್ಟಾನ್ಲಿ ಕಪ್ ಗೆದ್ದ ಫಿಲಡೆಲ್ಫಿಯಾ ತಂಡದ ನಾಯಕ ಬಾಬಿ ಕ್ಲಾರ್ಕ್ ಹಲ್ಲಿಲ್ಲದ ನಗೆಗೇ ಹೆಸರಾದವನು. ಪ್ರಣಯಕಥೆಯ ಹಾಕಿ ಆಟಗಾರರು ಚೆಂಡಿನ ಬದಲು ಮಲ್ಲಿಗೆ ಹೂವಿನಲ್ಲಿ ಆಡುತ್ತಾರೋ ಏನೋ, ಹೆಚ್ಚಿನವರ ಹಲ್ಲು ಭದ್ರ. (ಅಲ್ಲಿ ಆಡುವುದು ಚೆಂಡಿನಲ್ಲಲ್ಲ, ರಬ್ಬರಿನ ಬಿಲ್ಲೆಯಲ್ಲಿ ಎಂದು ಮೊಮ್ಮಗಳು ತಿದ್ದಿದ್ದಾಳೆ.)

ಮಾತು ಕೊಟ್ಟಂತೆ ಜನ್ನ. 1209ರ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಪಕ್ಕದಲ್ಲಿ ಸುಂದರನಾದ ರಾಜ ಮಲಗಿರುವಾಗ ರಾತ್ರಿಯಲ್ಲಿ ಕೇಳಿಬಂದ ಹಾಡಿಗೆ ಸೋಲುತ್ತಾಳೆ. ಹಾಡಿದವನು ಮಾವುತ ಅಷ್ಟಾವಂಕ, ಹೆಸರೇ ಹೇಳುವಂತೆ ಎಂಟು ಕಡೆ ಸೊಟ್ಟ. ನೋಡಿ ಬಂದ ದಾದಿ ಹೇಸಿದರೂ ರಾಣಿಯ ಮನಸ್ಸು ಕದಲಲಿಲ್ಲ. ಕವಿ ಅವಳನ್ನು ನರಕಕ್ಕೆ ಕಳಿಸಿದ, ನಿಜ. ಆದರೆ ಒಲವು ಕಿವಿಯಿಂದಲೂ ಒಳಬರಬಹುದೆಂದು ಎಂಟುನೂರು ವರ್ಷಗಳ ಹಿಂದೆ ಒಪ್ಪಿಕೊಂಡ. ಕಿಂಡಲಿನಲ್ಲಿ ನಾನು ಹುಡುಕಿದ್ದು ಒಬ್ಬ ಅಷ್ಟಾವಂಕನನ್ನು. ಎರಡು ಕಡೆ ಸೊಟ್ಟಗಿದ್ದರೂ ಸಾಕಿತ್ತು.

ಪ್ರಬಂಧ ಇಲ್ಲಿಗೆ ಮುಗಿಯಬೇಕಿತ್ತು. ಹಲ್ಲಿನ ವಿಚಾರವಾದ್ದರಿಂದ ತಜ್ಞರ ಅಭಿಪ್ರಾಯ ಇರಲೆಂದು ನಮ್ಮ ಬೀದಿಯ ದಂತವೈದ್ಯರಿಗೆ ಬ್ರೋಕ್‌ಬ್ಯಾಕ್ ಕಥೆ ಕೊಟ್ಟೆ. ಎರಡು ದಿನ ಬಿಟ್ಟು ಹೋದಾಗ ಕಿಂಡಲನ್ನು ಮೇಜಿನ ಮೇಲಿಟ್ಟರು.

“ಮೇಷ್ಟ್ರೇ, ನಿಮ್ಮ ಲೆಕ್ಕ ತಪ್ಪು.”

“ಯಾಕೆ ಡಾಕ್ಟ್ರೇ?”

“ಕೈಯಲ್ಲಿ ದುಡ್ಡು ಓಡಾಡಿದ ಮೇಲೆ ಜ್ಯಾಕ್ ಮುಂದಿನ ಹಲ್ಲು ಉಜ್ಜಿಸಿ ಕ್ಯಾಪ್ ಹಾಕಿಸ್ಕೊಂಡಿದ್ದಾನೆ. ಬರೆದಿದೆ, ನೋಡಿ. ಮೇಲೆ ಮೀಸೆ ಬೇರೆ ಬಿಟ್ಟಿದ್ದಾನೆ. ಹಲ್ಲು ಸರಿಹೋದ ಮೇಲೂ ಸತ್ತಿದ್ದಾನಲ್ಲ!”

ನಾನು ಆ ಸಾಲನ್ನು ಎರಡು ಸಲ ಓದಿದೆ. ಮೂರು ವಾರ ಹಲ್ಲಿನ ಮೇಲೇ ಕೆಲಸ ಮಾಡಿದವನ ಕಣ್ಣಿಗೆ ಅದು ಬಿದ್ದಿರಲಿಲ್ಲ.

“ನೋವೇ ಆಗ್ಲಿಲ್ಲ ಅಂತಾನೆ,” ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ ಹೇಳಿದರು. “ಒಳ್ಳೆ ಡಾಕ್ಟ್ರ ಹತ್ರ ಹೋಗಿರ್ಬೇಕು. ಬಾಯಿ ತೆಗೀರಿ, ಬಂದಿದ್ದೀರಲ್ಲ, ನಿಮ್ಮದೂ ನೋಡಿಬಿಡ್ತೀನಿ.”