ಸೋಂಪು, ಜಾಲಿ ಅಂಟು ಮತ್ತು ಒಂದೆಳೆ ಪಾಕ

ಹೋಟೆಲಿನಲ್ಲಿ ಊಟ ಮುಗಿಸಿ ಗಲ್ಲಾದ ಮುಂದೆ ನಿಂತಾಗ ಮನುಷ್ಯನ ನಿಜಸ್ವರೂಪ ಹೊರಬೀಳುತ್ತದೆ. ದುಡ್ಡು ಕೊಡುವಾಗ ಅಲ್ಲ, ಪಕ್ಕದ ಸ್ಟೀಲ್ ಬಟ್ಟಲಿನ ಸೋಂಪು-ಕಲ್ಲುಸಕ್ಕರೆಗೆ ಕೈ ಹಾಕುವಾಗ. ಸಂಕೋಚದವರು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಹೊರಡುತ್ತಾರೆ. ಲೋಕಾನುಭವ ಉಳ್ಳವರು ಸೋಂಪನ್ನು ಚಮಚದಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಳದಲ್ಲಿ ಕೂತ ಕಲ್ಲುಸಕ್ಕರೆಯನ್ನಷ್ಟೇ ಗೋರಿಕೊಳ್ಳುತ್ತಾರೆ. ಸಂಸಾರಸ್ಥರು ಮಕ್ಕಳ ಹೆಸರು ಹೇಳಿ ಟಿಶ್ಯೂ ಪೇಪರಿನಲ್ಲಿ ಪೊಟ್ಟಣ ಕಟ್ಟುತ್ತಾರೆ. ಬೇರೆ ಊರಿನಲ್ಲಾದರೆ ನಾನೂ ಮುಖ ಸಿಂಡರಿಸುತ್ತಿದ್ದೆನೇನೋ. ಚಿಕ್ಕಬಳ್ಳಾಪುರದಲ್ಲಿ ಮಾತ್ರ ಇಂಥವರನ್ನು ಕಂಡರೆ ನನಗೆ ಗೌರವ. ಕಲ್ಲುಸಕ್ಕರೆಯ ಮೇಲೆ ಈ ಊರಿನವರಿಗೆ ಚಾರಿತ್ರಿಕವಾದ ಹಕ್ಕಿದೆ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರನ್ನು ಮೈಸೂರು ಸೀಮೆ ಸುತ್ತಿ ಬರಲು ಕಳಿಸಿದರು. ಜಪ್ತಿ ಮಾಡಿದ ಮನೆಯ ಪಾತ್ರೆಪಡಗ ಎಣಿಸಿದ ಹಾಗೆ ಅವನು ಮಣ್ಣು, ಬೆಳೆ, ಮಗ್ಗ, ಗಾಣ ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಚಿಕ್ಕಬಳ್ಳಾಪುರಕ್ಕೆ ಬಂದಾಗ ಮಹಾರಾಯನ ಲೇಖನಿಗೂ ಸ್ವಲ್ಪ ಸಿಹಿ ತಾಗಿತು. ಇಲ್ಲಿನ ಕಲ್ಲುಸಕ್ಕರೆ ಚೀನಾದ ಕಲ್ಲುಸಕ್ಕರೆಗೆ ಸರಿಸಮ, ಸಕ್ಕರೆಯೂ ಬಲು ಬಿಳುಪು ಎಂದು ಬರೆದ. ಈ ವಿದ್ಯೆಯನ್ನು ಶ್ರೀರಂಗಪಟ್ಟಣಕ್ಕೆ ತರಿಸಿದವನು ಟಿಪ್ಪು, ಆದರೆ ಅದನ್ನು ಗುಟ್ಟಾಗಿ ಇಡಲಾಗಿತ್ತು ಎಂದೂ ಬರೆದ. ಗುಟ್ಟನ್ನು ಎಷ್ಟು ನಿಷ್ಠೆಯಿಂದ ಕಾಪಾಡಿದ್ದಾರೆಂದರೆ, ಇವತ್ತು ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಅಂಗಡಿಯ ಕಡೆ ಕೈ ತೋರಿಸುತ್ತಾರೆ.

ಇಂಥ ಊರಿನಲ್ಲಿ ಹುಟ್ಟಿದ ನನ್ನ ಮಗಳು, ಯಾವುದೋ ಇಂಗ್ಲಿಷ್ ಕಥೆಪುಸ್ತಕ ಓದಿ, ಸಂಕ್ರಾಂತಿಯ ಹಿಂದಿನ ವಾರ, “ಅಪ್ಪ, ಮನೇಲೇ ಗಮ್‌ಡ್ರಾಪ್ ಮಾಡೋಣ” ಅಂದಳು. ಸಮಯವನ್ನೂ ಚೆನ್ನಾಗಿಯೇ ಹುಡುಕಿದ್ದಳು. ಎಳ್ಳು-ಬೆಲ್ಲಕ್ಕೆಂದು ನೆಂಟರೆಲ್ಲ ಸೇರಿದ್ದರು. ಕೊಬ್ಬರಿ ಹೆಚ್ಚುವ ಸದ್ದು ಒಂದು ಕಡೆ, ಸಕ್ಕರೆ ಅಚ್ಚಿನ ಮರದ ಪಡಿಗಳು ನೀರಲ್ಲಿ ನೆನೆಯುತ್ತಿದ್ದದ್ದು ಇನ್ನೊಂದು ಕಡೆ. ಚಿಂತಾಮಣಿಯಿಂದ ದೊಡ್ಡಮ್ಮ, ಶಿಡ್ಲಘಟ್ಟದಿಂದ ಭಾವ, ಗೌರಿಬಿದನೂರಿನಿಂದ ಚಿಕ್ಕಪ್ಪ. ಒಂದು ಮಿಠಾಯಿ ಹಾಳಾಗಲು ಒಬ್ಬರು ಸಾಕು. ಇಲ್ಲಿ ಜಿಲ್ಲೆಯೇ ಹಾಜರಿತ್ತು.

“ಅದೇಮಿ ರಾ ಅದಿ?” ಎಂದರು ದೊಡ್ಡಮ್ಮ. ನಮ್ಮ ಕಡೆ ಕನ್ನಡ-ತೆಲುಗು ಒಂದೇ ಒಲೆಯ ಮೇಲೆ ಬೇಯುತ್ತವೆ. ಆಶ್ಚರ್ಯ ತೆಲುಗಿನಲ್ಲಿ, ಬೈಗುಳ ಕನ್ನಡದಲ್ಲಿ ಎಂಬುದು ದೊಡ್ಡಮ್ಮನ ಪದ್ಧತಿ. ಜಗಿಯುವ ಪೆಪ್ಪರಮೆಂಟು, ಮೆತ್ತಗಿರುತ್ತೆ, ಮೇಲೆ ಸಕ್ಕರೆ ಉದುರಿಸಿರುತ್ತಾರೆ ಎಂದು ಮಗಳು ವಿವರಿಸಿದಳು. “ಮೆತ್ತಗಾಗೋಕೆ ಏನು ಹಾಕ್ತಾರೆ?” ಎಂದು ಮುಂದಿನ ಪ್ರಶ್ನೆ ಬಂತು. ಮಗಳು ಪುಸ್ತಕ ನೋಡಿ ಮುಗ್ಧವಾಗಿ “ಜೆಲಾಟಿನ್” ಎಂದು ಓದಿದಳು.

ಚಿಕ್ಕಪ್ಪ ಪೇಪರ್ ಮಡಚಿಟ್ಟರು. ಅವರು ನಿವೃತ್ತ ವಿಜ್ಞಾನ ಮೇಷ್ಟ್ರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ನಾಡಿಗೆಲ್ಲ ಕಲಿಸಿದ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಚಿಕ್ಕಪ್ಪ ಆ ಪಾಠವನ್ನು ಅಡುಗೆಮನೆಯವರೆಗೂ ತಂದವರು. ಉಪ್ಪಿಟ್ಟನ್ನು ಕೂಡ ಅವರು ಪ್ರಶ್ನಿಸದೆ ಒಪ್ಪಿದ್ದನ್ನು ಚಿಕ್ಕಮ್ಮ ನೋಡಿಲ್ಲವಂತೆ. “ಜೆಲಾಟಿನ್ ಅಂದ್ರೆ ದನ, ಹಂದಿಯ ಮೂಳೆ-ಚರ್ಮ ಬೇಯಿಸಿ ತೆಗೆದ ಸಾರ” ಎಂದು ತಣ್ಣಗೆ ಹೇಳಿ ಮತ್ತೆ ಪೇಪರ್ ಬಿಡಿಸಿದರು.

ದೊಡ್ಡಮ್ಮ ಕೂತಲ್ಲಿಂದ ಎದ್ದರು. ಕೊಬ್ಬರಿ ಹೆಚ್ಚುವ ಸದ್ದು ನಿಂತಿತು. ನಕ್ಕವರು ಭಾವ ಒಬ್ಬರೇ. ಅವರದು ಶಿಡ್ಲಘಟ್ಟದಲ್ಲಿ ಸಣ್ಣ ರೇಷ್ಮೆ ಬಿಚ್ಚಾಣಿಕೆ ಘಟಕ. ಬೆಳಗಾದರೆ ಗೂಡಿನ ಮಾರುಕಟ್ಟೆ, ಹರಾಜು, ಆಮೇಲೆ ಕುದಿಯುವ ನೀರಿನಲ್ಲಿ ಗೂಡು, ಗೂಡಿನೊಳಗೆ ಹುಳು. “ಅತ್ತೆ, ನೀವು ಪೂಜೆಗೆ ಉಡ್ತೀರಲ್ಲ ಆ ಸೀರೆ, ಅದಕ್ಕೆ ಎಷ್ಟು ಸಾವಿರ ಹುಳ ಬೇಯಿಸಿದ್ದೀನಿ ಗೊತ್ತಾ?” ಎಂದರು. “ಸೀರೆ ಉಡೋದು ಕಣಯ್ಯ, ತಿನ್ನೋದಲ್ಲ!” ಎಂದು ದೊಡ್ಡಮ್ಮ ವಾದವನ್ನು ಅಲ್ಲಿಗೇ ಮುಗಿಸಿದರು. ಧರ್ಮಶಾಸ್ತ್ರದಲ್ಲಿ ಇದಕ್ಕಿಂತ ಸ್ಪಷ್ಟವಾದ ಗೆರೆ ನಾನು ಬೇರೆಲ್ಲೂ ಕಂಡಿಲ್ಲ.

ಹಾಗಾದರೆ ಏನು ಹಾಕುವುದು? ಸಮುದ್ರದ ಕೆಂಪು ಪಾಚಿಯಿಂದ ತೆಗೆಯುವ ಚೈನಾ ಗ್ರಾಸ್ ಹಾಕಿ ಎಂದು ನನ್ನವಳು ಸೂಚಿಸಿದಳು. ಚಿಕ್ಕಪ್ಪನಿಗೆ ಮತ್ತೆ ಹುರುಪು ಬಂತು. ಜರ್ಮನಿಯಲ್ಲಿ ರಾಬರ್ಟ್ ಕಾಖ್ ಕ್ಷಯರೋಗದ ಸೂಕ್ಷ್ಮಾಣು ಹುಡುಕುತ್ತಿದ್ದ ಕಾಲ. ಬ್ಯಾಕ್ಟೀರಿಯಾ ಬೆಳೆಸಲು ಜೆಲಾಟಿನ್ ಬಳಸಿದರೆ ಸೆಕೆಗೆ ಕರಗಿ ನೀರಾಗುತ್ತಿತ್ತು. ಕಾಖ್ ಜೊತೆಗಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ತನ್ನ ಅಡುಗೆಮನೆಯಲ್ಲಿ ಹಣ್ಣಿನ ಜೆಲ್ಲಿಗೆ ಇದೇ ಚೈನಾ ಗ್ರಾಸ್ ಹಾಕುತ್ತಿದ್ದಳು. ಅದನ್ನೇ ಬಳಸಿ ನೋಡಿ ಎಂದಳು. 1882ರ ಹೊತ್ತಿಗೆ ಅದು ಪ್ರಯೋಗಶಾಲೆ ಸೇರಿ ಇವತ್ತಿಗೂ ಅಲ್ಲೇ ಇದೆ. “ಅಂದ್ರೆ ಇದರಲ್ಲಿ ಕ್ಷಯದ ಹುಳ ಬೆಳೆಸ್ತಾರೆ ಅನ್ನು” ಎಂದರು ದೊಡ್ಡಮ್ಮ. ವಿಜ್ಞಾನವನ್ನು ಜನಪ್ರಿಯಗೊಳಿಸುವ ಕೆಲಸ ಎಷ್ಟು ಕಷ್ಟದ್ದೆಂದು ಚಿಕ್ಕಪ್ಪನ ಮುಖ ನೋಡಿದರೆ ತಿಳಿಯುತ್ತಿತ್ತು.

ದೊಡ್ಡಮ್ಮನ ಬಳಿ ತಮ್ಮದೇ ಪರಿಹಾರವಿತ್ತು. ಜಾಲಿ ಅಂಟು. ಅವರ ಬಾಲ್ಯದಲ್ಲಿ ಕೆರೆಯಂಗಳದ ಕರಿಜಾಲಿ ಮರದ ಸೀಳಿನಿಂದ ಒಸರಿ, ಬಿಸಿಲಿಗೆ ಹೆಪ್ಪುಗಟ್ಟಿ, ಕಂದುಬಣ್ಣಕ್ಕೆ ಮಿನುಗುವ ಅಂಟನ್ನು ಮಕ್ಕಳು ಮುಳ್ಳು ಲೆಕ್ಕಿಸದೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ಬಾಣಂತಿಗೆ ಕೊಡುವ ಅಂಟಿನುಂಡೆ, ಗೋಕಾಕ-ಅಮೀನಗಡದ ಕರದಂಟು ಎಲ್ಲವೂ ನಿಂತಿರುವುದು ಮರದ ಅಂಟಿನ ಮೇಲೇ. ತುಪ್ಪದಲ್ಲಿ ಹಾಕಿದರೆ ಅರಳಿಕೊಳ್ಳುತ್ತದೆ, ನೀರಲ್ಲಿ ನೆನೆಸಿದರೆ ಲೋಳೆಯಾಗುತ್ತದೆ. ಸ್ವಾರಸ್ಯವೆಂದರೆ ಹಿಂದೆ ಗಮ್‌ಡ್ರಾಪಿಗೂ ಹಾಕುತ್ತಿದ್ದದ್ದು ಇಂಥದೇ ಅಂಟು. ನಮ್ಮ ಜಾಲಿಯ ಆಫ್ರಿಕಾದ ದಾಯಾದಿ ಮರದ್ದು, ಸುಡಾನ್ ಕಡೆಯಿಂದ ಬರುವಂಥದು. ಅದನ್ನೇ ಅಂಚೆಚೀಟಿಯ ಬೆನ್ನಿಗೂ ಬಳಿಯುತ್ತಿದ್ದರು. ಆ ಲೆಕ್ಕದಲ್ಲಿ ಅಂಚೆಚೀಟಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಅಂಟಿಸಿದ ಹಳೆ ತಲೆಮಾರಿನವರೆಲ್ಲ ಅರ್ಧ ಗಮ್‌ಡ್ರಾಪ್ ತಿಂದವರೇ. ಸಕ್ಕರೆಯೊಂದು ಬಾಕಿ ಇತ್ತು, ಅಷ್ಟೆ.

ಬಣ್ಣಕ್ಕೆ ದ್ರಾಕ್ಷಿ. ಇದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಎಲ್ಲರಿಗೂ ಇದ್ದದ್ದು ಒಂದೇ ದೂರು. ಚಿಕ್ಕಬಳ್ಳಾಪುರದ ಸುತ್ತ ಚಪ್ಪರ ಹಾಕಿ, ಸಾಲ ಮಾಡಿ, ಕೊಳವೆಬಾವಿ ತೋಡಿ ಬೆಳೆಯುವವರು ನಾವು, ಹಣ್ಣಿನ ಹೆಸರು ‘ಬೆಂಗಳೂರು ಬ್ಲೂ’. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದೂ ಆ ಹೆಸರಿಗೇ. ವಿಮಾನ ನಿಲ್ದಾಣ ದೇವನಹಳ್ಳಿಯಲ್ಲಿ, ಹೆಸರು ಬೆಂಗಳೂರಿನದು. ದ್ರಾಕ್ಷಿ ನಮ್ಮ ತೋಟದಲ್ಲಿ, ಹೆಸರು ಬೆಂಗಳೂರಿನದು. ಸದ್ಯ ನಂದಿಬೆಟ್ಟ ಇನ್ನೂ ನಂದಿಯ ಹೆಸರಿನಲ್ಲೇ ಇದೆ. ದಪ್ಪ ಸಿಪ್ಪೆ, ಬೀಜ, ಹುಳಿ ಎಂದು ಪೇಟೆಯವರು ಈ ಹಣ್ಣನ್ನು ದೂರುತ್ತಾರೆ. ಜ್ಯೂಸಿಗೆ, ವೈನಿಗೆ, ಜೆಲ್ಲಿಗೆ ಅದೇ ಸಿಪ್ಪೆಯೇ ಬಂಡವಾಳ. ಗಾಢ ಬಣ್ಣ, ಘಮ, ಜೊತೆಗೆ ಹೆಪ್ಪುಗಟ್ಟಿಸುವ ಪೆಕ್ಟಿನ್.

ಪರಿಮಳದ ವಿಷಯಕ್ಕೆ ಬಂದಾಗ ಪುಸ್ತಕದಲ್ಲಿದ್ದದ್ದು ಅನೈಸ್ ಎಂಬ ಮೆಡಿಟರೇನಿಯನ್ ಕಡೆಯ ಕಾಳು. ಅದು ಚಿಕ್ಕಬಳ್ಳಾಪುರದ ಯಾವ ದಿನಸಿ ಅಂಗಡಿಯಲ್ಲೂ ಸಿಗಲಿಲ್ಲ. ಚಿಕ್ಕಪ್ಪ ಅಭಯ ನೀಡಿದರು. ಆ ಕಾಳಿನಲ್ಲೂ, ನಮ್ಮ ಸೋಂಪಿನಲ್ಲೂ, ಬಿರಿಯಾನಿಗೆ ಹಾಕುವ ಚಕ್ರಮೊಗ್ಗಿನಲ್ಲೂ ಘಮಘಮಿಸುವುದು ಅನೆಥೋಲ್ ಎಂಬ ಒಂದೇ ವಸ್ತು, ಗಿಡಗಳು ಬೇರೆ ಬೇರೆಯಾದರೂ. “ಬಿರಿಯಾನಿ” ಎಂಬ ಶಬ್ದ ಕೇಳಿದ ದೊಡ್ಡಮ್ಮ ಚಕ್ರಮೊಗ್ಗಿನ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ದಾಟಿಸಿದರು. ಸೋಂಪು ಗೆದ್ದಿತು.

ಸೋಂಪಿನ ಮಾತು ಬಂದಾಗ ದೊಡ್ಡಮ್ಮನ ಇನ್ನೊಂದು ವಿದ್ಯೆಯನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಎಳ್ಳು-ಬೆಲ್ಲದಲ್ಲಿ ಬಣ್ಣಬಣ್ಣದ ಜೀರಿಗೆ ಪೆಪ್ಪರಮೆಂಟು ಹಾಕುತ್ತೇವಲ್ಲ, ಅಂಗಡಿಯಿಂದ ತರುವುದು. ಅವರು ಸೋಂಪಿಗೆ, ಎಳ್ಳಿಗೆ ಮನೆಯಲ್ಲೇ ಸಕ್ಕರೆ ಹೊದಿಸುತ್ತಾರೆ. ಇದ್ದಿಲ ಒಲೆಯ ಮೇಲೆ ಅಗಲ ತಟ್ಟೆ, ತಟ್ಟೆಯಲ್ಲಿ ಹುರಿದ ಕಾಳು, ಪಕ್ಕದಲ್ಲಿ ತೆಳು ಪಾಕ. ಒಂದು ಚಮಚ ಪಾಕ ಚಿಮುಕಿಸಬೇಕು, ಬೆರಳ ತುದಿಯಿಂದ ಆಡಿಸುತ್ತಲೇ ಇರಬೇಕು, ಆರಬೇಕು, ಮತ್ತೆ ಚಿಮುಕಿಸಬೇಕು. ಅವಸರ ಮಾಡಿದರೆ ಕಾಳೆಲ್ಲ ಒಂದೇ ಮುದ್ದೆ. ಸಂಕ್ರಾಂತಿಯ ಚಳಿ ಬೇಕೇ ಬೇಕು, ಚಳಿಯಲ್ಲಿ ಮಾತ್ರ ಸಕ್ಕರೆ ಸಣ್ಣ ಸಣ್ಣ ಮುಳ್ಳಾಗಿ ಏಳುತ್ತದೆ. ದಿನಗಟ್ಟಲೆ ಹಿಡಿಯುವ ಕೆಲಸ. ಫ್ರಾನ್ಸಿನ ಫ್ಲಾವಿನ್ಯಿ ಎಂಬ ಊರಿನ ಹಳೆಯ ಮಠದಲ್ಲಿ ಅನೈಸ್ ಕಾಳಿಗೆ ಹೀಗೇ ಪದರ ಪದರವಾಗಿ ಸಕ್ಕರೆ ಹಚ್ಚುತ್ತಾರೆ, ಸುಮಾರು ಹದಿನೈದು ದಿನ ಹಿಡಿಯುತ್ತದೆ, ಚಂದದ ತಗಡಿನ ಡಬ್ಬಿಯಲ್ಲಿ ಲೋಕಕ್ಕೆಲ್ಲ ಮಾರುತ್ತಾರೆ. ದೊಡ್ಡಮ್ಮ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ನೆಂಟರಿಗೆ ಹಂಚುತ್ತಾರೆ. ವ್ಯತ್ಯಾಸ ಡಬ್ಬಿಯದು ಮಾತ್ರ.

ಕೊನೆಗೂ ಒಲೆ ಹತ್ತಿತು. ಅಂಟನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ತೊಗಟೆ ಚೂರು, ಇರುವೆಯ ಅವಶೇಷ ಎಲ್ಲ ಹೋಗುವಂತೆ ಬಟ್ಟೆಯಲ್ಲಿ ಸೋಸಿದ್ದಾಯಿತು. ದ್ರಾಕ್ಷಿಯನ್ನು ಬೇಯಿಸಿ ಹಿಂಡಿದ್ದಾಯಿತು. ಸೋಂಪನ್ನು ಬೆಚ್ಚಗೆ ಹುರಿದು ಕುಟ್ಟಿ ಕಷಾಯ ತೆಗೆದದ್ದಾಯಿತು. ಆದರೆ ಪಾಕ ನೋಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಎದ್ದಿತು. ದೊಡ್ಡಮ್ಮ ವಯಸ್ಸಿನ ಹಿರಿತನದಿಂದ, ಚಿಕ್ಕಪ್ಪ ಥರ್ಮಾಮೀಟರಿನ ಹಿರಿತನದಿಂದ ಮುಂದೆ ಬಂದರು. ಥರ್ಮಾಮೀಟರ್ ಮಾತ್ರ ಜ್ವರ ನೋಡುವಂಥದು. 42 ಡಿಗ್ರಿಗಿಂತ ಮುಂದೆ ಅದಕ್ಕೆ ಲೋಕವೇ ಇಲ್ಲ. ಇಬ್ಬರನ್ನೂ ಸರಿಸಿ ಭಾವ ಬಾಣಲೆಯ ಮುಂದೆ ಕೂತರು. ಗೂಡಿನಿಂದ ಕೂದಲಿಗಿಂತ ತೆಳುವಾದ ಎಳೆಯನ್ನು ಹಿಡಿದು ತಿರುವಿಗೆ ಏರಿಸುವ ಬೆರಳುಗಳು ಅವು. ಪಾಕದ ಹನಿಯೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದು, ಬೆಳಕಿಗೆ ಒಡ್ಡಿ, ಕಣ್ಣು ಕಿರಿದು ಮಾಡಿ, “ಇನ್ನೊಂದು ನಿಮಿಷ... ಈಗ ಒಂದೆಳೆ... ತಾಳಿ... ಇಳಿಸಿ!” ಎಂದರು. ದೊಡ್ಡಮ್ಮ ಎಂದೂ ಯಾರನ್ನೂ ಹೊಗಳಿದವರಲ್ಲ, ಅವತ್ತು ಸುಮ್ಮನಿದ್ದರು. ನಮ್ಮ ವಂಶದಲ್ಲಿ ಅದೇ ಪದ್ಮಶ್ರೀ.

ಮಗಳು ಅಗಲ ತಟ್ಟೆಯಲ್ಲಿ ಕಾರ್ನ್‌ಫ್ಲೋರ್ ಹರವಿ, ಹೆಬ್ಬೆರಳಿನಿಂದ ಗುಳಿ ಒತ್ತಿದ್ದಳು. ಕಾರ್ಖಾನೆಗಳಲ್ಲೂ ಹೀಗೇ ಹಿಟ್ಟಿನ ಗುಳಿಗೆ ಪಾಕ ಸುರಿಯುತ್ತಾರೆ. ಹಿಟ್ಟು ಪಸೆ ಹೀರಿಕೊಂಡು ಮಿಠಾಯಿಯನ್ನು ಬಿಗಿಗೊಳಿಸುತ್ತದೆ. ಅರ್ಧಕ್ಕೆ ಜಾಲಿ ಅಂಟಿನ ಪಾಕ, ಅರ್ಧಕ್ಕೆ ಚೈನಾ ಗ್ರಾಸಿನದು. ಎರಡು ಪಕ್ಷಗಳಿಗೂ ಸಮಾನ ಪ್ರಾತಿನಿಧ್ಯ. ಉಳಿದ ರಸಕ್ಕೆ ನನ್ನವಳು ಕಾರ್ನ್‌ಫ್ಲೋರ್, ತುಪ್ಪ ಹಾಕಿ ಮಗುಚಿದಳು. ಪಕ್ಕದ ಮನೆಯವರು ಬಂದು ನೋಡಿ, “ಬಾಂಬೆ ಹಲ್ವಾ ಮಾಡಿದ್ದೀರಾ?” ಎಂದರು. ಅವರು ಹೇಳಿದ್ದು ಸರಿಯೇ. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಕೂತಿರುವ ಆ ರಬ್ಬರ್ ಹಲ್ವಾವನ್ನು ಸಣ್ಣಗೆ ಹೆಚ್ಚಿ ಸಕ್ಕರೆಯಲ್ಲಿ ಹೊರಳಿಸಿದರೆ ಅದಕ್ಕೂ ಗಮ್‌ಡ್ರಾಪಿಗೂ ಗೋತ್ರವೊಂದೇ.

ಫಲಿತಾಂಶ ಪ್ರಕಟವಾದದ್ದು ಹಬ್ಬದ ಬೆಳಿಗ್ಗೆ. ಚೈನಾ ಗ್ರಾಸಿನದು ಚೆನ್ನಾಗಿ ಗಟ್ಟಿಯಾಗಿತ್ತು, ನೋಡಲು ಕೆಂಪು ಹರಳು. ಆದರೆ ಕಚ್ಚಿದರೆ ಪಟಕ್ಕನೆ ಮುರಿಯುತ್ತದೆ, ಜಗಿಯಲು ಏನೂ ಉಳಿಯುವುದಿಲ್ಲ. ಜೆಲಾಟಿನ್ ಬಾಯಿಯ ಬಿಸಿಗೇ ಕರಗುತ್ತದೆ, ಇದಕ್ಕೆ ಕುದಿಯುವ ನೀರೇ ಬೇಕು. ಜಾಲಿ ಅಂಟಿನದಕ್ಕೆ ಜಗಿತದ ಕೊರತೆ ಇರಲಿಲ್ಲ. ಚಿಕ್ಕಪ್ಪ ಒಂದನ್ನು ಬಾಯಿಗೆ ಹಾಕಿಕೊಂಡವರು ಎಳ್ಳು ಬೀರಿ ಬರುವಷ್ಟು ಹೊತ್ತು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಚಿಕ್ಕಮ್ಮ ಇನ್ನೆರಡನ್ನು ಗೌರಿಬಿದನೂರಿಗೆ ಪೊಟ್ಟಣ ಕಟ್ಟಿಕೊಂಡರು.

ಮಾಡಲು ಹೊರಟವರಿಗೆ ನನ್ನ ತೀರ್ಪು ಇದು. ಮಕ್ಕಳಿರುವ ಮನೆಗೆ ಚೈನಾ ಗ್ರಾಸ್ ಸಾಕು. ದ್ರಾಕ್ಷಿ ಬೆಂಗಳೂರು ಬ್ಲೂ ಆಗಿರಲಿ, ಕೊಳ್ಳುವಾಗ ಒಮ್ಮೆಯಾದರೂ ಅದನ್ನು ಚಿಕ್ಕಬಳ್ಳಾಪುರದ ದ್ರಾಕ್ಷಿ ಎಂದು ಕರೆಯಿರಿ. ಸೋಂಪನ್ನು ಕಪ್ಪಗೆ ಹುರಿಯಬೇಡಿ, ಕಹಿಯಾಗುತ್ತದೆ. ಪಾಕ ನೋಡಲು ಶಿಡ್ಲಘಟ್ಟದವರು ಯಾರಾದರೂ ನೆಂಟರಿದ್ದರೆ ಕರೆಸಿ. ಜಾಲಿ ಅಂಟಿನಲ್ಲೇ ಮಾಡುತ್ತೇವೆಂದು ಹಟ ಹಿಡಿಯುವವರು ಮಾಡಲಿ, ಬೇಡವೆನ್ನುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಟೋಕನ್ ಮಾತ್ರ ಮೊದಲೇ ತೆಗೆದುಕೊಳ್ಳಿ, ಹಬ್ಬದ ಮಾರನೆಯ ದಿನ ಅಲ್ಲಿ ಬಹಳ ಜನ.